ವರ್ಷಾಂತಿಕಕ್ಕೆ ಎತ್ತಿಟ್ಟ ಮಾವು

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಉಪ್ಪಿನಕಾಯಿ ಹಾಕುವಂತಿಲ್ಲ. ಹಪ್ಪಳ ಒತ್ತುವಂತಿಲ್ಲ, ಸಂಡಿಗೆ ಇಡುವಂತಿಲ್ಲ, ಬಿಸಿಲಿಗೆ ಹರವಿ ಒಣಗಿಸಿ ಡಬ್ಬ ತುಂಬುವ ಯಾವ ಕೆಲಸವನ್ನೂ ಮಾಡುವಂತಿಲ್ಲ. ಇದು ನಮ್ಮ ಮನೆಯ ಪದ್ಧತಿ. ಮುಂದಿನ ವರ್ಷಕ್ಕೆಂದು ಕೂಡಿಡುವುದು ಸಂತೋಷವಾಗಿರುವ ಮನೆಯವರ ಕೆಲಸವಂತೆ. ನಾನು ಮದುವೆಯಾಗಿ ಬರುವ ಮೊದಲೇ ಮಾವನವರು ತೀರಿಕೊಂಡಿದ್ದರಿಂದ ಇಂಥದ್ದೊಂದು ನಿಯಮವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಸತ್ತ ಮೇಲೆ ಗೊತ್ತಾಯಿತು.

ಅವರು ಹೋದದ್ದು ಫೆಬ್ರವರಿಯ ಕೊನೆಯಲ್ಲಿ. ಬೆಳಿಗ್ಗೆ ಹಿತ್ತಲ ಗಿಡಗಳಿಗೆ ನೀರು ಬಿಟ್ಟು ಒಳಗೆ ಬಂದವರು, ಎದೆಯಲ್ಲಿ ಏನೋ ಹಿಡಿದುಕೊಂಡ ಹಾಗಿದೆ ಎಂದು ಕುರ್ಚಿಯಲ್ಲಿ ಕೂತರು. ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿವೃತ್ತಿಗೆ ಇನ್ನೂ ಸಮಯವಿತ್ತು. ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ, ದಿನಾ ವಾಕಿಂಗ್ ಬೇರೆ. ವಾಕಿಂಗ್ ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಂಜೆ ಅವರನ್ನು ಸುಟ್ಟು ಮನೆಗೆ ಬಂದಾಗ ಹಿತ್ತಲೆಲ್ಲ ಕೆಸರು. ನಲ್ಲಿ ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಪೈಪು ಬೆಳಗಿನಿಂದ ಅವರು ಬಿಟ್ಟುಹೋದ ಜಾಗದಲ್ಲೇ, ಮಾವಿನ ಗಿಡದ ಬುಡದಲ್ಲಿ ಹರಿಯುತ್ತಿತ್ತು. ಆ ಗಿಡದ ತುಂಬ ಮಿಡಿ ಕಚ್ಚಿತ್ತು.

ಆ ಮಾವಿನ ಮೇಲೆ ಅವರಿಗೆ ಮಕ್ಕಳ ಮೇಲಿರುವಂಥ ಪ್ರೀತಿ. ನಮಗೆ ಮಕ್ಕಳಿಲ್ಲ, ಅದಕ್ಕೇ ಈ ಮಾತು ಹೇಳಿದೆ. ಇಲವಾಲದ ಕಡೆಯ ನರ್ಸರಿಯಿಂದ ರಸಪುರಿಯ ಕಸಿ ಗಿಡವೊಂದನ್ನು ಸ್ಕೂಟರಿನ ಮುಂದೆ ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ವಿದ್ಯಾರಣ್ಯಪುರಂವರೆಗೂ ತಂದಿದ್ದರು. ಕಸಿ ಗಿಡ ಎರಡನೇ ವರ್ಷಕ್ಕೇ ಹೂ ಬಿಡುತ್ತದೆ, ಆದರೆ ಮೊದಲ ಕೆಲವು ವರ್ಷ ಹೂ ಕಿತ್ತುಹಾಕಬೇಕು, ಇಲ್ಲದಿದ್ದರೆ ಗಿಡದ ಶಕ್ತಿಯೆಲ್ಲ ಕಾಯಿಗೆ ಹೋಗಿ ಗಿಡ ಸೊರಗುತ್ತದೆ ಎಂದು ನರ್ಸರಿಯವನು ಹೇಳಿದ್ದನಂತೆ. ಇವರು ಅದನ್ನು ವೇದವಾಕ್ಯದಂತೆ ಪಾಲಿಸಿದರು. ಪ್ರತಿ ಚಳಿಗಾಲದಲ್ಲೂ ಹೂ ಬಂದ ಕೂಡಲೇ ಒಂದೊಂದೇ ಗೊಂಚಲನ್ನು ಚಿವುಟಿಹಾಕುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಗೊಂಚಲಾದರೂ ಬಿಡಿ, ಒಂದು ಹಣ್ಣಾದರೂ ತಿನ್ನೋಣ ಎಂದು ಜಗಳ ಮಾಡುತ್ತಿದ್ದೆ.

"ಗಿಡ ಮೊದ್ಲು ಗಟ್ಟಿಯಾಗ್ಲಿ ಕಣೇ. ನಾವೆಲ್ಲಿ ಹೋಗ್ತೀವಿ?" ಎನ್ನುತ್ತಿದ್ದರು.

ಆ ವರ್ಷ ಮೊದಲ ಬಾರಿಗೆ ಹೂ ಉಳಿಸಿದರು. ಅಷ್ಟೇ.

ಈಗ ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಗೆ ಎಂಬತ್ತು ದಾಟಿದೆ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಮದುವೆಯಾದಂದಿನಿಂದ ಈ ಅಡಿಗೆಮನೆಯ ಯಜಮಾನಿಕೆ ಅತ್ತೆಯದು, ನಾನು ಅಲ್ಲಿ ತರಕಾರಿ ಹೆಚ್ಚುವ, ಕಾಯಿ ತುರಿಯುವ ಕೆಳದರ್ಜೆ ನೌಕರಳು. ಉಪ್ಪಿನಕಾಯಿಗೆ ಎಷ್ಟು ಉಪ್ಪು, ಎಷ್ಟು ಸಾಸಿವೆ ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಮಗ ಹೋದ ಮೇಲೆ ಅತ್ತೆ ಒಲೆಯ ಹತ್ತಿರ ಬರುವುದನ್ನೇ ನಿಲ್ಲಿಸಿದರು. ಎರಡು ಹೊತ್ತೂ ಅನ್ನ, ತಿಳಿಸಾರು. ನಾನು ಮಾಡಿದ ಸಾರು ಹೇಗಿತ್ತೆಂದರೆ ಅದನ್ನು ಇಬ್ಬರೂ ಮಾತಿಲ್ಲದೆ ತಿನ್ನುತ್ತಿದ್ದುದೇ ದುಃಖದ ದೊಡ್ಡ ಸಾಕ್ಷಿ.

ರಾಮಕೃಷ್ಣನಗರದಲ್ಲಿರುವ ನನ್ನ ಮೈದುನ ಕರ್ಮಕ್ಕೆ ಕೂತಿದ್ದ. ಸತ್ತವರಿಗೆ ಮೊದಲ ವರ್ಷ ತಿಂಗಳು ತಿಂಗಳು ಮಾಸಿಕ ಮಾಡಬೇಕು. ರಜೆ ಸಿಗುವುದಿಲ್ಲ ಎಂದು ಅವನು ಅಷ್ಟೂ ಮಾಸಿಕಗಳನ್ನು ಹನ್ನೆರಡನೆಯ ದಿನದ ಕರ್ಮದ ಜೊತೆಯಲ್ಲೇ ಒಟ್ಟಿಗೆ ಮುಗಿಸಿದ. ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆಯಂತೆ. ಶಾಸ್ತ್ರದಲ್ಲಿ ಗಂಡಸರ ರಜೆಗೆ ಯಾವಾಗಲೂ ಅವಕಾಶವಿರುತ್ತದೆ. ಇನ್ನು ಉಳಿದದ್ದು ವರ್ಷ ತುಂಬಿದಾಗ ಮಾಡುವ ವರ್ಷಾಂತಿಕ ಮಾತ್ರ.

ಏಪ್ರಿಲ್ ಹೊತ್ತಿಗೆ ಕಾಯಿ ಮುಷ್ಟಿಯಷ್ಟಾಗಿ ಕೊಂಬೆಗಳು ಬಾಗತೊಡಗಿದವು. ನಾಲ್ಕು ಕಾಯಿ ಕಿತ್ತು ಉಪ್ಪಿನಕಾಯಿ ಹಾಕೋಣವೇ ಎಂದು ಅತ್ತೆಯನ್ನು ಕೇಳಿದೆ. ಅವರು ಏನಾದರೊಂದು ಕೆಲಸಕ್ಕೆ ಕೈ ಹಾಕಲಿ ಎಂಬುದು ನನ್ನ ಉಪಾಯ. ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

"ಈ ವರ್ಷ ಈ ಮನೇಲಿ ಉಪ್ಪಿನಕಾಯಿ ಹಾಕ್ತಾರೇನೇ? ಯಾರೂ ಹೇಳ್ಕೊಟ್ಟಿಲ್ವಾ ನಿಂಗೆ?"

ಮೇಲೆ ಬರೆದ ನಿಯಮವೆಲ್ಲ ಆಗ ಹೊರಬಂತು. ಹಾಗಾದರೆ ಇಷ್ಟು ಹಣ್ಣು ಏನು ಮಾಡುವುದು ಎಂದೆ. ಅತ್ತೆ ಕಿಟಕಿಯಿಂದ ಗಿಡವನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ಅವನ ಬಾಯಿಗೆ ಒಂದು ಬೀಳ್ಲಿಲ್ಲ," ಎಂದರು. ನನ್ನೊಡನೆ ಆಡಿದ ಮಾತಲ್ಲ ಅದು.

ಅವತ್ತಿನಿಂದ ನನ್ನ ತಲೆಯಲ್ಲಿ ಅದೊಂದೇ ಕೂತಿತು. ವರ್ಷಾಂತಿಕದ ದಿನ ಎಲೆಯ ಮೇಲೆ ಬಡಿಸಿದ್ದು ಸತ್ತವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ನನಗೆ ಇಂಥವುಗಳಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಆದರೆ ನಂಬದೇ ಇರುವುದು ಗಂಡ ಬದುಕಿರುವಾಗ ಸುಲಭ. ಅವರು ವರ್ಷಗಟ್ಟಲೆ ಹೂ ಚಿವುಟಿ ಕಾದ ಮರದ ಮೊದಲ ಹಣ್ಣು ಅವರ ಎಲೆಯ ಮೇಲೆ ಬೀಳಬೇಕು ಎಂದು ನಾನು ತೀರ್ಮಾನಿಸಿದೆ. ಆದರೆ ವರ್ಷಾಂತಿಕ ಬರುವುದು ಮತ್ತೆ ಫೆಬ್ರವರಿಯಲ್ಲಿ, ಹಣ್ಣಾಗುವುದು ಮೇ ಜೂನಿನಲ್ಲಿ. ನಡುವಿನ ಅಷ್ಟೂ ತಿಂಗಳು ಹಣ್ಣು ಕೆಡದಂತೆ ಇರಬೇಕು, ಅದೂ ಉಪ್ಪು ಹಾಕದೆ, ಬಿಸಿಲಿಗೆ ಇಡದೆ. ನಮ್ಮದು ಹಳೆಯ ಸಿಂಗಲ್ ಡೋರ್ ಫ್ರಿಜ್ಜು. ಅದರ ಫ್ರೀಜರಿನ ಬಾಗಿಲು ಮುರಿದು ಯಾವುದೋ ಕಾಲವಾಗಿದೆ, ಐಸ್ ಕೂಡ ಸರಿಯಾಗಿ ಕಟ್ಟುವುದಿಲ್ಲ.

ಹೀಗೆ ಹುಡುಕುತ್ತಾ ಫೋನಿನಲ್ಲಿ ಕ್ಯಾನಿಂಗ್ ಎಂಬುದು ಸಿಕ್ಕಿತು. ಹಣ್ಣನ್ನು ಸಕ್ಕರೆ ಪಾಕದ ಜೊತೆ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ, ಬಾಟಲಿ ಮುಳುಗುವಷ್ಟು ನೀರಿನಲ್ಲಿ ಕುದಿಸುವುದು. ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ ಮುಚ್ಚಳ ತಾನಾಗಿ ಬಿಗಿದುಕೊಳ್ಳುತ್ತದೆ. ಆಮೇಲೆ ವರ್ಷವಾದರೂ ಕೆಡುವುದಿಲ್ಲ. ವಿಡಿಯೋದಲ್ಲಿ ಯಾವುದೋ ದೇಶದ ಹೆಂಗಸರು ನಮ್ಮ ಇಡೀ ಮನೆಯಷ್ಟು ದೊಡ್ಡ ಅಡಿಗೆಮನೆಯಲ್ಲಿ ನಗುನಗುತ್ತಾ ಮಾಡುತ್ತಿದ್ದರು. ಅತ್ತೆಗೆ ಹೇಳಿದೆ. ಇದು ಉಪ್ಪಿನಕಾಯಿಯಲ್ಲ, ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ, ನಿಮ್ಮ ನಿಯಮಕ್ಕೇನೂ ಅಡ್ಡಿಯಿಲ್ಲ ಎಂದು ವಕೀಲರ ಹಾಗೆ ವಾದಿಸಿದೆ. ವರ್ಷಾಂತಿಕದಲ್ಲಿ ಅವರ ಎಲೆಗೆ ಬಡಿಸೋಣ ಎಂದೆ.

ಅತ್ತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಹೇಳಲಿಲ್ಲ.

"ಮಾಡು," ಎಂದರು.

ಮಾವು ಹಣ್ಣಾಗುವ ಮೊದಲು ಕೈ ಪಳಗಿಸಿಕೊಳ್ಳಬೇಕಲ್ಲ. ತಾರಸಿಯ ಕುಂಡಗಳಲ್ಲಿ ನನ್ನ ಗಂಡ ಹಾಕಿದ ಟೊಮೇಟೊ ಮತ್ತು ಹುರುಳಿಕಾಯಿ ಇನ್ನೂ ಬಿಡುತ್ತಿದ್ದವು. ಅವುಗಳ ಮೇಲೆಯೇ ಪ್ರಯೋಗ ಶುರುವಾಯಿತು. ಮನೆಯಲ್ಲಿದ್ದ ಹಾರ್ಲಿಕ್ಸು, ಕಾಫಿಪುಡಿ ಬಾಟಲಿಗಳನ್ನೆಲ್ಲ ತೊಳೆದೆ. ಮೊದಲ ದಿನ ತಣ್ಣನೆಯ ಬಾಟಲಿಗೆ ಟೊಮೇಟೊ ತುಂಬಿ ಕುದಿಯುವ ನೀರಿಗೆ ಇಳಿಸಿದೆ. ಟಪ್ಪೆಂದು ತಳ ಕಳಚಿ ಪಾತ್ರೆಯೆಲ್ಲ ಕೆಂಪಾಯಿತು. ಎರಡನೆಯ ಸಲ ಬಾಟಲಿ ಬಿಸಿ ಮಾಡಿಕೊಂಡೆ, ಆದರೆ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿರಲಿಲ್ಲ, ಬಾಟಲಿಗಳು ಕುದಿತಕ್ಕೆ ಒಂದಕ್ಕೊಂದು ಗುದ್ದಾಡಿ ಬಿರುಕು ಬಿಟ್ಟವು. ಮೂರನೆಯ ಸಲ ಕುಕ್ಕರಿನಲ್ಲಿಟ್ಟು ವಿಷಲ್ ಕೂಗಿಸಿದೆ. ನಮಗೆ ವಿಷಲ್ ಕೂಗದಿದ್ದರೆ ಏನೋ ಬೆಂದಿಲ್ಲ ಎಂಬ ಭಾವನೆ. ಮುಚ್ಚಳ ತೆಗೆದರೆ ಟೊಮೇಟೊ ಬಾಟಲಿಯಿಂದ ಹೊರಬಂದು ಕುಕ್ಕರಿನ ನೀರೆಲ್ಲ ಸಾರಾಗಿತ್ತು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಸಾರಿಗೆ ಬೇಳೆ ಹಾಕ್ಬುಡು, ಸುಮ್ನೆ ಯಾಕೆ ಹಾಳ್ಮಾಡ್ತೀಯ," ಎಂದರು. ಮಗ ಸತ್ತ ಮೇಲೆ ಅಡಿಗೆ ಹೀಗೆ ಮಾಡು ಎಂದು ಅವರು ಹೇಳಿದ್ದು ಅದೇ ಮೊದಲು.

ಆಮೇಲೆ ಅವರು ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂರತೊಡಗಿದರು. ಕೈ ಹಾಕುತ್ತಿರಲಿಲ್ಲ. ನಾನು ಬಾಟಲಿಯ ಅಂಚು ಒರೆಸುವುದನ್ನು, ಪಾಕದೊಳಗಿನ ಗಾಳಿಗುಳ್ಳೆಯನ್ನು ಕಡ್ಡಿಯಿಂದ ತೆಗೆಯುವುದನ್ನು, ಮೇಲೆ ಬೆರಳು ಅಗಲ ಜಾಗ ಬಿಟ್ಟು ಮುಚ್ಚುವುದನ್ನು ನೋಡುತ್ತಿದ್ದರು. ಪೇಟೆಯಿಂದ ಹೊಸ ಬಾಟಲಿ, ಒಳಗೆ ರಬ್ಬರಿನ ಅಂಚಿರುವ ಮುಚ್ಚಳ ತಂದೆ. ಕೊನೆಗೊಂದು ದಿನ ಬಾಟಲಿಗಳನ್ನು ನೀರಿನಿಂದ ಎತ್ತಿ ಟವೆಲ್ಲಿನ ಮೇಲೆ ಸಾಲಾಗಿಟ್ಟು ಕಾಯುತ್ತಿದ್ದಾಗ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮುಚ್ಚಳದ ನಡುಭಾಗ ಒಳಕ್ಕೆ ಬಗ್ಗಿತ್ತು. ನಾನು ಕೂಗಿಕೊಂಡೆ. ಗಂಡ ಸತ್ತವಳು ಹೀಗೆ ಕೂಗಬಾರದು ಎಂದು ಮರುಕ್ಷಣ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಟೊಮೇಟೊ ನಿಂತಿತು ಎಂಬ ಹುಮ್ಮಸ್ಸಿನಲ್ಲಿ ಹುರುಳಿಕಾಯಿಯನ್ನೂ ಹಾಗೇ ಮಾಡಿದೆ. ಬಾಟಲಿಗಳು ನೋಡಲು ಚೆಂದವಾಗಿದ್ದವು, ಮುಚ್ಚಳವೂ ಬಿಗಿದಿತ್ತು. ಆಮೇಲೆ ಓದಿದೆ, ಹುಳಿಯಿಲ್ಲದ ತರಕಾರಿಯನ್ನು ಬರೀ ಕುದಿಯುವ ನೀರಿನಲ್ಲಿ ಹೀಗೆ ಮಾಡಲೇಬಾರದಂತೆ. ಗಾಳಿಯಿಲ್ಲದ ಬಾಟಲಿಯೊಳಗೆ ಒಂದು ವಿಷ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಿಂದವರು ಸಾಯಬಹುದು. ಈ ಮನೆಯಲ್ಲಿ ಸಾವು ಬಂದಾಗಲೂ ಬಣ್ಣ ವಾಸನೆ ಏನೂ ಇರಲಿಲ್ಲ, ಬೆಳಿಗ್ಗೆ ಕಾಫಿ ಕುಡಿದು ಗಿಡಕ್ಕೆ ನೀರು ಬಿಟ್ಟ ಮನುಷ್ಯ. ಬಾಟಲಿಗಳನ್ನು ತೆರೆಯದೆ ಹಿತ್ತಲ ಮೂಲೆಯಲ್ಲಿ ಆಳಕ್ಕೆ ಹೂತುಬಿಟ್ಟೆ. ಮಾವಿನ ಹಣ್ಣಿಗೂ ನಿಂಬೆರಸ ಧಾರಾಳವಾಗಿ ಹಾಕಬೇಕು ಎಂದು ಆಗಲೇ ಗಟ್ಟಿ ಮಾಡಿಕೊಂಡೆ.

ಜೂನ್ ಮೊದಲ ವಾರ ಹಣ್ಣು ಇಳಿಸಿದೆವು. ಅಳಿಲು, ಗಿಳಿ ತಿಂದದ್ದು ಹೋಗಿ ಎರಡು ಬುಟ್ಟಿ ಸಿಕ್ಕಿತು. ಹುಲ್ಲಿನಲ್ಲಿಟ್ಟು ಮಾಗಿಸಿದಾಗ ಮನೆಯ ಯಾವ ಮೂಲೆಯಲ್ಲಿ ಕೂತರೂ ಅದೇ ವಾಸನೆ. ರಸಪುರಿಯ ವಾಸನೆ ಗೊತ್ತಿದ್ದವರಿಗೆ ನಾನು ಏನೂ ಹೇಳಬೇಕಿಲ್ಲ. ಆ ಎರಡು ಮೂರು ದಿನ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಇಣುಕಿ, "ಹಣ್ಣು ಭಾರಿ ಘಂ ಅಂತಿದೆ ಕಣ್ರೀ," ಎಂದರು. ಒಂದು ಕೊಡಬೇಕಾಗಿತ್ತು. ಕೊಡಲಿಲ್ಲ. ಮೊದಲು ಅವರಿಗೆ, ಆಮೇಲೆ ಉಳಿದವರಿಗೆ ಎಂದು ಮನಸ್ಸಿನಲ್ಲಿ ನಿಯಮ ಮಾಡಿಕೊಂಡಿದ್ದೆ. ನಿಯಮ ಮಾಡುವುದರಲ್ಲಿ ನಾನೂ ಅತ್ತೆಗೆ ಕಡಿಮೆಯಿರಲಿಲ್ಲ.

ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಹಣ್ಣು ಹೆಚ್ಚಲು ಕೂತೆ. ಎಡೆಗೆ ಇಡುವುದನ್ನು ಮಾಡುವಾಗ ರುಚಿ ನೋಡಬಾರದು, ಎಂಜಲಾಗುತ್ತದೆ. ಅತ್ತೆ ನಲವತ್ತು ಐವತ್ತು ವರ್ಷ ಹಬ್ಬದಡಿಗೆಯನ್ನೆಲ್ಲ ರುಚಿ ನೋಡದೆ, ಬರೀ ಕೈ ಅಳತೆಯಲ್ಲಿ ಮಾಡಿದವರು. ನಾನೂ ಹಾಗೇ ಮಾಡಿದೆ, ಅಳತೆ ಗೊತ್ತಿಲ್ಲದೆ. ರಸ ಮೊಣಕೈವರೆಗೆ ಇಳಿಯುತ್ತಿತ್ತು. ಬೆರಳಿಗೆ ಅಂಟಿದ್ದನ್ನೂ ನೆಕ್ಕಲಿಲ್ಲ, ಎದ್ದು ಹೋಗಿ ನಲ್ಲಿಯಲ್ಲಿ ತೊಳೆದುಕೊಂಡು ಬಂದೆ. ಗೊರಟುಗಳನ್ನು ಚೀಪದೆ, ತಿರುಳು ಇರುವ ಹಾಗೇ ಗಿಡದ ಬುಡಕ್ಕೆ ಹಾಕಿದೆ. ಪಾಕ ಕಾಯಿಸಿ, ನಿಂಬೆರಸ ಹಿಂಡಿ, ಇನ್ನೂ ಸಾಲದೇನೋ ಎಂಬ ಭಯಕ್ಕೆ ಮತ್ತೆ ಹಿಂಡಿ ಬಾಟಲಿ ತುಂಬಿದೆ. ಒಂದೊಂದೇ ಮುಚ್ಚಳ ಟಕ್ ಎಂದಿತು. ಒಂದು ಮಾತ್ರ ಏನು ಮಾಡಿದರೂ ಟಕ್ ಎನ್ನಲಿಲ್ಲ. ಹಾಗೆ ಮುಚ್ಚಳ ಹಿಡಿಯದಿದ್ದರೆ ಫ್ರಿಜ್ಜಿನಲ್ಲಿಟ್ಟು ಬೇಗ ತಿಂದುಬಿಡಿ ಎನ್ನುತ್ತಾರೆ ವಿಡಿಯೋದವರು. ನಾನು ಅದನ್ನೂ ಹಿತ್ತಲಿಗೆ ಒಯ್ದು ಗಿಡದ ಬುಡಕ್ಕೆ ಸುರಿದೆ. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

ಬಾಟಲಿಗಳನ್ನು ನನ್ನ ಕೋಣೆಯ ಬೀರುವಿನಲ್ಲಿ, ಅವರ ಪ್ಯಾಂಟು ಷರಟುಗಳಿದ್ದ ಖಾನೆಯಲ್ಲಿ ಇಟ್ಟೆ. ಕತ್ತಲಿರಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು, ಆ ಬೀರುವನ್ನು ಯಾರೂ ತೆರೆಯುವುದಿಲ್ಲ. ಒಮ್ಮೆ ನಾನು ಬೀರು ತೆರೆದಿದ್ದಾಗ ಮೈದುನ ಬಂದವನು ನೋಡಿ, "ಏನತ್ತಿಗೆ, ಅಂಗಡಿ ಗಿಂಗಡಿ ಇಡ್ತೀರಾ?" ಎಂದು ನಕ್ಕ. ನಿಮ್ಮಣ್ಣನಿಗೆ ಎಂದೆ. ಅವನು ನಗು ನಿಲ್ಲಿಸಿ ಫೋನು ನೋಡತೊಡಗಿದ.

ಮಳೆಗಾಲದಲ್ಲಿ ಮೊದಲ ಬಾಟಲಿ ಹೋಯಿತು. ಮುಚ್ಚಳ ಉಬ್ಬಿತ್ತು, ಒಳಗೆ ನೊರೆ. ಎರಡನೆಯದು ಗಣಪತಿ ಹಬ್ಬದ ಹೊತ್ತಿಗೆ. ನಮಗೆ ಆ ವರ್ಷ ಹಬ್ಬವೂ ಇರಲಿಲ್ಲ. ಊರೆಲ್ಲ ದಸರಾ ದೀಪ ನೋಡಲು ಹೋದ ದಿನ ನಾನು ಬೀರುವಿನ ಮುಂದೆ ಟಾರ್ಚು ಹಿಡಿದು ಕೂತು ಮುಚ್ಚಳಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಒತ್ತಿದಾಗ ಕುಣಿದರೆ ಅದು ಕೆಟ್ಟಿತು ಎಂದು ಅರ್ಥ. ಒಂದೊಂದು ಕೆಟ್ಟಾಗಲೂ ಅವರಿಗೆ ಮತ್ತೆ ಎದೆನೋವು ಬಂದಷ್ಟು ಸಂಕಟವಾಗುತ್ತಿತ್ತು. ಈ ಮಾತನ್ನು ಯಾರಿಗಾದರೂ ಹೇಳಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಹಿಡಿದೇ ಇತ್ತು.

ಡಿಸೆಂಬರಿನಲ್ಲಿ ಬೀದಿಯ ಮಾವಿನ ಮರಗಳೆಲ್ಲ ಹೂ ಬಿಟ್ಟವು. ನಮ್ಮ ಗಿಡದಲ್ಲಿ ಬರೀ ಕೆಂಪು ಚಿಗುರು. ಜನವರಿ ಕಳೆಯಿತು, ಒಂದು ಗೊಂಚಲೂ ಇಲ್ಲ. ಒಂದು ವರ್ಷ ಮೈತುಂಬ ಬಿಟ್ಟ ಮಾವು ಮರುವರ್ಷ ಹೀಗೆ ಬಿಡುವು ತೆಗೆದುಕೊಳ್ಳುವುದುಂಟು ಎಂದು ಆಮೇಲೆ ತಿಳಿಯಿತು. ಹಾಗಾಗಿ ಬೀರುವಿನಲ್ಲಿ ಉಳಿದ ಎರಡು ಬಾಟಲಿಯೇ ಆ ಮರದ ಹಣ್ಣೆಂದರೆ ಹಣ್ಣು. ವರ್ಷಾಂತಿಕದ ಹಿಂದಿನ ದಿನ ಅವನ್ನು ಹೊರಗೆ ತೆಗೆದು ಒರೆಸಿಟ್ಟೆ. ಮುಚ್ಚಳ ಬಿಗಿಯಾಗಿತ್ತು. ಹೋಳುಗಳು ಕೊಂಚ ಮಾಸಿದ್ದರೂ ಹಳದಿಯಾಗೇ ಇದ್ದವು. ವರ್ಷದಲ್ಲಿ ಮೊದಲ ಬಾರಿಗೆ ನನಗೆ ಹೆಮ್ಮೆಯೆನ್ನಿಸಿತು.

ಬೆಳಿಗ್ಗೆಯೇ ಪುರೋಹಿತರು ಬಂದರು. ಅಡಿಗೆಗೆ ಒಬ್ಬರನ್ನು ಗೊತ್ತುಮಾಡಿದ್ದೆವು. ಮೈದುನ ಒದ್ದೆ ಪಂಚೆಯುಟ್ಟು, ಬೆರಳಿಗೆ ದರ್ಭೆ ಸುತ್ತಿಕೊಂಡು ಕೂತ. ಹೋಮ ಮುಗಿದು ಎಲೆ ಹಾಕಿದರು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ವಡೆ, ಪಾಯಸ ಎಲ್ಲ ಬಂತು. ನಾನು ಬಾಟಲಿ, ಒಂದು ಬೆಳ್ಳಿ ಬಟ್ಟಲು, ಚಮಚ ಹಿಡಿದು ನಡುಮನೆಯ ಬಾಗಿಲಿಗೆ ಬಂದೆ.

"ಏನು ತಾಯಿ ಅದು?" ಎಂದರು ಪುರೋಹಿತರು.

ಹೇಳಿದೆ. ಅವರೇ ನೆಟ್ಟ ಮರದ ಹಣ್ಣು, ಹೋದ ಜೂನಿನಲ್ಲಿ ಬಾಟಲಿಯಲ್ಲಿ ಹಾಕಿಟ್ಟದ್ದು, ಮಡಿಯಲ್ಲೇ ಮಾಡಿದ್ದು, ಯಾರೂ ರುಚಿ ನೋಡಿಲ್ಲ ಎಂದೆ.

"ಹಸೀದೋ, ಬೇಯ್ಸಿದ್ದೋ?"

"ಬಾಟ್ಲಿ ಸಮೇತ ನೀರಲ್ಲಿ ಕುದಿಸಿರೋದು."

ಪುರೋಹಿತರು ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. "ನೀರಲ್ಲಿ ಬೆಂದದ್ದು ಒಂದು ರಾತ್ರಿ ಕಳೀತು ಅಂದ್ರೆ ತಂಗಳು ತಾಯಿ. ನಿನ್ನೆ ಮಾಡಿದ ಅನ್ನಾನೇ ಇವತ್ತು ಬಡಿಸೋ ಹಾಗಿಲ್ಲ. ಇದು ಹೋದ ವರ್ಷದ್ದು. ಪಿತೃಗಳ ಎಲೆ ಮೇಲೆ ಬೇಡ."

ನನ್ನ ಪಿತ್ತ ನೆತ್ತಿಗೇರಿತು. ತುಪ್ಪ ಹೋದ ತಿಂಗಳದ್ದಲ್ಲವೇ, ಬೆಲ್ಲ ಹೋದ ವರ್ಷದ್ದಲ್ಲವೇ, ಜೇನುತುಪ್ಪ ಯಾವ ಕಾಲದ್ದೋ ಎಂದು ಕೇಳಿಯೇಬಿಟ್ಟೆ. ಎಲೆಯ ಮುಂದೆ ಕೂತ ಬ್ರಾಹ್ಮಣರು ತಲೆ ತಗ್ಗಿಸಿದರು.

"ಅದು ಬೇರೆ, ಇದು ಬೇರೆ ಅಮ್ಮ. ಬಾಳೆಹಣ್ಣಿದೆಯಲ್ಲ, ಅದನ್ನೇ ಬಡಿಸಿ."

"ಅತ್ತಿಗೆ, ಹೊತ್ತಾಗ್ತಿದೆ," ಎಂದ ಮೈದುನ.

ನಾನು ಅತ್ತೆಯ ಕಡೆ ನೋಡಿದೆ. ಅವರು ಗೋಡೆಗೊರಗಿ ಕೂತಿದ್ದರು. ಪುರೋಹಿತರ ಮಾತಿಗೆ ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ನನ್ನನ್ನು ನೋಡದೆ ನೆಲ ನೋಡುತ್ತಿದ್ದರು. ಆಗ ನನಗೆ ತಿಳಿದುಹೋಯಿತು. ಬಾಟಲಿ ಹಿಡಿದು ಅಡಿಗೆಮನೆಗೆ ವಾಪಸು ಬಂದೆ. ನಡುಮನೆಯಲ್ಲಿ ಬಾಳೆಹಣ್ಣು ಬಡಿಸಿದರು. ನನ್ನ ಗಂಡನಿಗೆ ಬಾಳೆಹಣ್ಣು ಸೇರುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡು ಹೋದರು. ಮೈದುನನೂ ಮಲಗಿ ಎದ್ದು ಕಾಫಿ ಕುಡಿದು ಹೊರಟ. ಅತ್ತೆ ಅಡಿಗೆಮನೆಗೆ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಬಾಟಲಿ ಕಟ್ಟೆಯ ಮೇಲಿತ್ತು.

"ನಿಮಗೆ ಮೊದ್ಲೇ ಗೊತ್ತಿತ್ತು ಅಲ್ವಾ ಅತ್ತೆ?"

"ಗೊತ್ತಿತ್ತು ಕಣಮ್ಮ."

"ಮೊದಲ ದಿನಾನೇ ಗೊತ್ತಿತ್ತಾ?"

"ಎಷ್ಟು ತಿಥಿಗೆ ಅಡಿಗೆ ಮಾಡಿದೀನಿ ನಾನು. ಗೊತ್ತಿಲ್ದೆ ಇರುತ್ತಾ?"

ಅವರ ಮೇಲೆ ನಾನು ಯಾವತ್ತೂ ದನಿ ಏರಿಸಿದವಳಲ್ಲ. ಅವತ್ತು ಕಿರುಚಿದೆ. ಯಾಕೆ ಹೇಳಲಿಲ್ಲ, ವರ್ಷಪೂರ್ತಿ ನನ್ನನ್ನು ಯಾಕೆ ಕುಣಿಸಿದಿರಿ, ಪರರ ಮುಂದೆ ನನ್ನ ಮಾನ ಕಳೆಯಬೇಕಿತ್ತಾ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಹೇಳ್ಬುಟ್ಟಿದ್ರೆ ಆ ಹಣ್ಣನ್ನ ಏನ್ಮಾಡ್ತಿದ್ದೆ ನೀನು?" ಎಂದರು. "ನಾವಿಬ್ರೂ ಕೂತ್ಕೊಂಡು ತಿನ್ಬೇಕಾಗಿತ್ತು. ಅವನು ತಿನ್ದೆ ಹೋದ ಹಣ್ಣನ್ನ ಹೆತ್ತೋಳು ನಾನು ತಿನ್ನೋದಾ? ನನ್ ಗಂಟಲಲ್ಲಿ ಇಳೀತಿರ್ಲಿಲ್ಲ ಕಣೇ. ನೀನು ಬಾಟ್ಲೀಲಿ ಹಾಕಿಡ್ತೀನಿ ಅಂದೆ. ಸರಿ, ಒಂದು ವರ್ಷ ಹಾಗೇ ಇರ್ಲಿ ಅಂದ್ಕೊಂಡೆ. ಒಂದು ವರ್ಷ ನಾನೆಲ್ಲಿ ಇರ್ತೀನಿ, ಅಷ್ಟರಲ್ಲಿ ಹೋಗ್ಬುಟ್ಟಿರ್ತೀನಿ ಅಂತ ಇದ್ದೆ. ಹಾಳಾದ ಜೀವ ಹೋಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ವರ್ಷವಿಡೀ ಅವರು ಆ ಸ್ಟೂಲಿನ ಮೇಲೆ ಕೂತು ನನ್ನ ಕೆಲಸ ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ತಮ್ಮ ಸಾವನ್ನು ಕಾಯುತ್ತ ಕೂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅವರೇ, "ತೆಗಿ ಅದನ್ನ," ಎಂದರು. ಮುಚ್ಚಳ ಕೈಗೆ ಬರಲಿಲ್ಲ. ಚಾಕುವಿನ ತುದಿ ತೂರಿಸಿ 'ಸುಂಯ್' ಎನ್ನಿಸಿದ ಮೇಲೆ ಬಂತು. ಬಟ್ಟಲಿಗೆ ಬಗ್ಗಿಸಿ ಕೊಟ್ಟೆ. ಅತ್ತೆ ಒಂದು ಹೋಳನ್ನು ಬಾಯಿಗಿಟ್ಟುಕೊಂಡು, ಹಲ್ಲಿಲ್ಲದ ವಸಡಿನಲ್ಲಿ ಬಹಳ ಹೊತ್ತು ಆಡಿಸಿ ನುಂಗಿದರು. ಅವರ ಮುಖ ಕಿವುಚಿಕೊಂಡಿತು.

"ಬರೀ ನಿಂಬೇಹುಳಿ, ಸಕ್ರೆ. ಮಾವು ಅಂತಾನೇ ಅನ್ಸಲ್ಲ. ಹುಲ್ಲಲ್ಲಿ ಮಾಗಿದಾಗ ಹೇಗಿತ್ತೇ?"

"ನಂಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ರೆ? ಹೆಚ್ಚೋವಾಗ ಒಂದು ಹೋಳೂ ಬಾಯಿಗೆ ಹಾಕ್ಕೊಳ್ಲಿಲ್ವಾ?"

"ಇಲ್ಲ."

"ಗೊರಟಾದ್ರೂ?"

"ಇಲ್ಲ. ಮೊದ್ಲು ಅವರಿಗೆ ಅಂತ."

ಅತ್ತೆ ಬಟ್ಟಲನ್ನು ಕೆಳಗಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮಗನನ್ನು ಒಯ್ದ ದಿನ ಕೂಡ ಅವರು ಹಾಗೆ ಅತ್ತಿರಲಿಲ್ಲ. ಈ ಸಲ ಅವರು ಅತ್ತದ್ದು ನನ್ನ ಮುಖ ನೋಡಿಕೊಂಡು. ಆಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿ, "ತಿನ್ನು. ಇನ್ನು ಯಾರಿಗೂ ಎತ್ತಿಡೋದು ಬೇಡ," ಎಂದರು.

ತಿಂದೆ. ಅತ್ತೆ ಹೇಳಿದ್ದು ನಿಜ, ಹಲ್ಲು ಚುಳ್ಳೆನ್ನುವಷ್ಟು ಹುಳಿ, ಮೇಲೆ ಸಕ್ಕರೆ, ಮಾವಿನ ಗುರುತೇ ಇಲ್ಲ. ಅವರು ನೆಟ್ಟ ಮರದ ಹಣ್ಣಿನ ರುಚಿ ಹೇಗಿತ್ತು ಎಂದು ಹೇಳುವವರು ಈಗ ಯಾರೂ ಇಲ್ಲ. ಒಂದು ವರ್ಷ ಅವರಿಗೆ ಇನ್ನೂ ಏನೋ ಕೊಡುವುದಿದೆ ಎಂದುಕೊಂಡು ಬೆಳಿಗ್ಗೆ ಏಳುತ್ತಿದ್ದೆ, ಕಾಲೇಜಿಗೆ ಹೋಗುತ್ತಿದ್ದೆ, ಸಾರು ಮಾಡುತ್ತಿದ್ದೆ. ಅವರಿಗಾಗಿ ಮಾಡುವುದು ಇನ್ನೇನೂ ಉಳಿದಿಲ್ಲ ಎಂಬುದು ಆ ಹೋಳು ಅಗಿಯುವಾಗ ನನಗೆ ಅರ್ಥವಾಯಿತು. ಬಟ್ಟಲು ಖಾಲಿಯಾಗುವವರೆಗೂ ತಿಂದೆ. ಅತ್ತೆ ಎರಡನೆಯ ಬಾಟಲಿಯನ್ನು ತೆಗೆದು ನನ್ನ ಮುಂದಿಟ್ಟರು.